ಭೂತದ ಸೀರಿಯಲ್ ಮುಗಿಸುವ ಹರಕೆ

ಕೊಟ್ಟ ಮಾತಿಗೆ ತಪ್ಪುವವಳು ನಾನಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟೆ, ಮಾತು ಬಿಟ್ಟಿಲ್ಲ!

ನಮ್ಮವರು ತೀರಿಕೊಂಡ ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಮೈದುನ ಈರಣ್ಣ ಕೈಮುಗಿದ.

"ಅಣ್ಣಾ, ವೈನೀನ್ನ ನಾ ನೋಡ್ಕೋತೀನಿ."

ಕಾಗೆ ಮುಖ ತಿರುಗಿಸಿತು. ಈರಣ್ಣನನ್ನು ಅದೂ ಬಲ್ಲದು.

"ಚಾಳಿನ ಖೋಲಿ ಮಾರೂದಿಲ್ಲ ಅಣ್ಣಾ!"

ಕಾಗೆ ರೆಕ್ಕೆ ಕೆದರಿಕೊಂಡಿತು. ಬಿಸಿಲಲ್ಲಿ ಎರಡು ತಾಸು. ಕೊನೆಗೆ ನಾನೇ ಮುಂದೆ ಬಂದೆ.

"ಆ ಭೂತದ ಸೀರಿಯಲ್ ಮುಗಿಯೂತನಕ ನೋಡ್ತೀನಿ. ಅದರಾಗ ಕೊಂದವ್ರು ಯಾರಂತ ನಿಮ್ಮ ಫೋಟೋದ ಮುಂದ ಹೇಳ್ತೀನಿ. ತಿನ್ರೀ ಇನ್ನ!"

ತಿಂದಿತು!

ವಾರಕ್ಕೊಂದರಂತೆ ಅವರು ನೋಡಿದ್ದು ನಾಲ್ಕೇ ಕಂತು. ಸತ್ತು ಭೂತವಾದವಳನ್ನು ಕೊಂದವನು ಡಾಕ್ಟರೇ ಎಂದು ಅವರು, ಅವಳ ಅಕ್ಕನೇ ಎಂದು ನಾನು. ಸಾಯುವ ಹಿಂದಿನ ದಿನವೂ ಅದೇ ಜಗಳ.

ಆ ನಾಲ್ಕು ಚೆನ್ನಾಗಿದ್ದವು. ದೊಡ್ಡ ಬಂಗಲೆ, ನೀಲಿ ಬೆಳಕು, ಹುಚ್ಚು ಹಿಡಿಯುತ್ತಿರುವ ಹೆಂಗಸಿಗೆ ದಿನಕ್ಕೊಂದು ರೇಷ್ಮೆ ಸೀರೆ. ಐದನೆಯದು ಸೂತಕದಲ್ಲಿ ಹೋಯಿತು. ಪಕ್ಕದ ಖೋಲಿಯ ಕಾಶವ್ವನನ್ನು ಕೇಳಿದೆ.

"ಏನೂ ಆಗಲಿಲ್ಲ ಯಕ್ಕಾ. ಮೆಟ್ಟಲಾ ಹತ್ತಿದ್ಲು."

ಆರರಲ್ಲಿ ಇಳಿದಳು. ಏಳರಲ್ಲಿ ಡಾಕ್ಟರ್ ಅವಳ ಬಾಲ್ಯ ಕೇಳಿದ, ಅವಳು ಹೇಳಲಿಲ್ಲ. ಎಂಟರಲ್ಲಿ ಹತ್ತು ನಿಮಿಷ ಜೀವ ಬಂತು: ಅವಳು ಕನ್ನಡಿಗೆ ಬೆನ್ನು ಹಾಕಿದಳು, ಕನ್ನಡಿಯೊಳಗಿನವಳು ಹಾಕಲಿಲ್ಲ! ಕಾಶವ್ವನ ಚಹಾ ನನ್ನ ಮಡಿಲಿಗೆ. ಒಂಬತ್ತರಲ್ಲಿ ಮತ್ತೆ ಮೆಟ್ಟಿಲು.

"ಸೀರಿ ಬದಲಾತು, ಕತಿ ಬದಲಾಗವಲ್ದು," ಎಂದಳು ಕಾಶವ್ವ. "ಬಂದ್ ಮಾಡು ಯಕ್ಕಾ."

"ನಿನಗ ಬ್ಯಾಸರಾದ್ರ ಹೋಗು. ನಾ ಮಾತು ಕೊಟ್ಟೀನಿ."

ಹತ್ತರಿಂದ ಚುರುಕಾಯಿತು. ಹದಿಮೂರು ಕೊನೆಯದು. ಭಾನುವಾರ ಬೆಳಿಗ್ಗೆ ಇಡೀ ಚಾಳು ನನ್ನ ಖೋಲಿಯಲ್ಲಿ. ನಾನು ಎಲ್ಲರಿಗಿಂತ ಮುಂದೆ. ಹೆಂಗಸು ದೀಪ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಮೂರನೇ ಮೆಟ್ಟಿಲಿನವರೆಗೆ ನನಗೆ ನೆನಪಿದೆ.

ಎಚ್ಚರವಾದಾಗ ಟಿ.ವಿ. ಆರಿತ್ತು. ಮೈಮೇಲೆ ಕಾಶವ್ವನ ಚಾದರ.

"ಯಾರು ಕೊಂದವ್ರು?"

"ಯಾರಿಗ್ಗೊತ್ತು! ಆಕಿ ಬಾಯಿ ತಗದ್ ಹೇಳಾಕತ್ತಿದ್ಲು. ನಿನ್ನ ಗೊರಕಿ ಬಿಟ್ರ ಏನೂ ಕೇಳಲಿಲ್ಲ."

"ಎಬ್ಬಸಬಾರದಿತ್ತೇನ?"

"ಅವ್ರು ಹೋದಾಗಿಂದ ನೀ ಕಣ್ಣ ಮುಚ್ಚಿಲ್ಲ ಯಕ್ಕಾ. ಎಬ್ಬಸಾಕ ಯಾರಿಗೆ ಮನಸ್ ಬರತೈತಿ?"

ಮುಖ ತೊಳೆದುಕೊಂಡು ಫೋಟೋದ ಮುಂದೆ ನಿಂತೆ.

"ಡಾಕ್ಟರನ ರೀ. ನೀವು ಹೇಳಿದ್ದ ಖರೆ," ಎಂದೆ.

ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮಾತು ಸರಿ ಎಂದು ನಾನು ಒಪ್ಪಿದ್ದು ಅದೊಂದೇ ಸಲ. ಅದೂ ನೋಡದೆ!