ಅಮ್ಮನ ಭರಣಿ, ಇನಾಸನ ಯಂತ್ರ

ಹಳೆಯ ವಾಷಿಂಗ್ ಮೆಷೀನಿನ ಡ್ರಮ್ಮಿಗೆ ನಾಲ್ಕು ನೀಲಿ ಬಲ್ಬು ಕಟ್ಟಿ, ಅದನ್ನು ಅಡುಗೆಮನೆಯ ನಡುವೆ ನಿಲ್ಲಿಸಿ ಇನಾಸ ಮದುಮಗನಂತೆ ಬೀಗಿದ. ಅವನ ಅಕ್ಕ ಸೆವ್ರಿನಾಬಾಯಿಗೆ ಆಗಲೇ ಎದೆ ಭಾರವಾಯಿತು. ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತನಾದ ಮೇಲೆ ತಮ್ಮ ಕಂಡುಹಿಡಿದದ್ದೆಲ್ಲ ಅವಳ ಅಡುಗೆಮನೆಯಲ್ಲೇ ಕೊನೆಯುಸಿರೆಳೆದಿತ್ತು.

ಮರುದಿನಕ್ಕೆ ಅಮ್ಮ ತೀರಿಕೊಂಡು ಒಂದು ವರ್ಷ. ಇಗರ್ಜಿಯಿಂದ ಬರುವವರಿಗೆ ಇಡ್ಲಿಯಂಥ ಮೆತ್ತನೆಯ ಸಾನ್ನ ಮಾಡಬೇಕು. ಅದಕ್ಕೆ ಬೇಕಾದ ಹುಳಿಹಿಟ್ಟು ಅಮ್ಮನ ಭರಣಿಯಲ್ಲಿತ್ತು. ಶೇಂದಿ ಇಳಿಸುವ ಪೂವಪ್ಪ ಸತ್ತ ವರ್ಷ, ಅವನ ಕೊನೆಯ ಶೇಂದಿ ಬೆರೆಸಿದ ಹಿಟ್ಟಿನಲ್ಲಿ ಅಮ್ಮ ಒಂದು ಮುಷ್ಟಿ ತೆಗೆದಿಟ್ಟಿದ್ದಳು. ಅಂದಿನಿಂದ ಇಪ್ಪತ್ತಾರು ವರ್ಷ, ಪ್ರತಿ ಸಲವೂ ಬಳಸುವ ಮುಂಚೆ ಮುಂದಿನ ಸಲಕ್ಕೊಂದು ಮುಷ್ಟಿ. ಅಮ್ಮನ ಕೈಯದ್ದು ಅಂತ ಆ ಮನೆಯಲ್ಲಿ ಜೀವಂತ ಉಳಿದದ್ದು ಅದೊಂದೇ.

ಇನಾಸ ವಿವರಿಸಿದ. ಹಿಟ್ಟು ಉಬ್ಬಿಸುವುದು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ. ತಿನ್ನಲು ಕಡಿಮೆಯಾದ ಕೂಡಲೇ, ಬೆಳೆದದ್ದು ಸಾಕು, ಇನ್ನು ಮಲಗು ಎಂದು ಅದಕ್ಕೆ ಹೇಳುವ ಒಂದು ಜೀನ್ ಅದರೊಳಗೇ ಇದೆ. ಆ ಜೀನನ್ನು ಅಳಿಸಿಹಾಕುವುದೇ ನೀಲಿ ಬೆಳಕಿನ ಕೆಲಸ. ರಾತ್ರಿಯಿಡೀ ಉಬ್ಬಬೇಕಾದ ಹಿಟ್ಟು ಇನ್ನು ಎಂಟೇ ನಿಮಿಷಕ್ಕೆ ತಯಾರು.

"ಮುಷ್ಟಿ ತೆಗೆದಿಟ್ಟೆಯಾ?" ಎಂದಳು ಸೆವ್ರಿನಾಬಾಯಿ.

"ಎಂತಕ್ಕೆ ಅಕ್ಕ? ಇನ್ನು ಅದು ಮುಗಿಯುವುದೇ ಇಲ್ಲ."

ಹಿಟ್ಟನ್ನೆಲ್ಲ ಡ್ರಮ್ಮಿಗೆ ಸುರಿದು ಬಲ್ಬು ಹೊತ್ತಿಸಿ, ಭರಣಿಯನ್ನು ತೊಳೆದು ಬೋರಲು ಹಾಕಿದ್ದ.

ಎಂಟನೇ ನಿಮಿಷಕ್ಕೆ ಹಿಟ್ಟು ಮುಚ್ಚಳ ಎತ್ತಿ ಹೊರಗೆ ಇಣುಕಿತು. ಹತ್ತನೆಯದಕ್ಕೆ ನೆಲಕ್ಕಿಳಿದು, ನಾಳೆಗೆಂದು ರುಬ್ಬಿಟ್ಟಿದ್ದ ಅಕ್ಕಿಹಿಟ್ಟನ್ನು ಪಾತ್ರೆ ಸಮೇತ ನುಂಗಿತು. ಇನಾಸ ಸ್ವಿಚ್ ಆರಿಸಿದ. ಬಲ್ಬು ಆರಿತು, ಹಿಟ್ಟು ಕ್ಯಾರೇ ಅನ್ನಲಿಲ್ಲ. ಸಕ್ಕರೆ ಡಬ್ಬಿ ಹೋಯಿತು, ಬೆಲ್ಲ ಹೋಯಿತು, ಅವನು ಹೊಡೆಯಲು ಎತ್ತಿದ ಸೌಟೂ ಹೋಯಿತು. ಕೊನೆಗೆ ಅದು ಅವನನ್ನೇ ಕುರ್ಚಿ ಸಮೇತ ಅಟ್ಟದ ಮಟ್ಟಕ್ಕೆ ಎತ್ತಿ ಕೂರಿಸಿತು. ಮಹಾಶಯ ಅಲ್ಲಿಂದಲೂ ಗಡಿಯಾರ ನೋಡಿ ನಿಮಿಷ ಬರೆದುಕೊಳ್ಳುತ್ತಿದ್ದ!

ಸೆವ್ರಿನಾಬಾಯಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೊಣಕಾಲುದ್ದದ ಹಿಟ್ಟಿನಲ್ಲಿ ನುಗ್ಗಿ, ಒಂದು ಮುಷ್ಟಿ ಕಿತ್ತು ಭರಣಿಗೆ ಹಾಕಿ ಮುಚ್ಚಿ ಎದೆಗವಚಿಕೊಂಡಳು. ಇಷ್ಟಾದರೂ ಉಳಿಯಿತಲ್ಲ ಎಂದು ಕಣ್ಣು ತುಂಬಿತು.

ಮನೆಯಲ್ಲಿ ತಿನ್ನುವಂಥದ್ದು ಮುಗಿದ ಕ್ಷಣವೇ ಹಿಟ್ಟು ಉಸ್ಸೆಂದು ಕುಸಿಯಿತು. ಇನಾಸ ಕುರ್ಚಿ ಸಮೇತ ನೆಲಕ್ಕೆ ಬಿದ್ದ. ಕೊಳೆತ ವಾಸನೆ ಮನೆಯೆಲ್ಲ ತುಂಬಿತು. ಅವಳು ಭರಣಿ ತೆರೆದಳು. ಒಳಗೆ ಬೂದು ಬಣ್ಣದ ನೀರಿತ್ತು.

ಇನಾಸ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಬಹಳ ಹೊತ್ತು ನೋಡಿದ. ಮಲಗಲು ತಿಳಿಯದ ಜೀವ ಹಸಿವು ತಡೆಯುವುದಿಲ್ಲ, ಒಂದೂ ಉಳಿದಿಲ್ಲ ಎಂದು ತಲೆಯೆತ್ತದೆ ಹೇಳಿದ.

ಮರುದಿನದ ಸಾನ್ನ ಅಡುಗೆಸೋಡದಿಂದ ಉಬ್ಬಿತು. ಬಂದವರು ಮರ್ಯಾದೆಗೆ ಎರಡೆರಡು ತಿಂದು ಹೋದರು. ಅಮ್ಮ ಎರಡನೇ ಸಲ ಸತ್ತಂತಾಗಿ ಸೆವ್ರಿನಾಬಾಯಿ ಖಾಲಿ ಭರಣಿಯೆದುರು ಕುಳಿತು ಅತ್ತಳು. ಇನಾಸನೂ ಬಂದು ಪಕ್ಕದಲ್ಲಿ ಕುಳಿತ. ಕಣ್ಣು ಅವನದ್ದೂ ಕೆಂಪಾಗಿತ್ತು.

"ಸಾಕು ಎಂದು ಹೇಳುವ ಆ ಜೀನನ್ನು ವಾಪಸು ಹಾಕುವ ಯಂತ್ರವೂ ಮಾಡಬಹುದು ಅಕ್ಕ."

"ಮಾಡು ಮಾರಾಯ," ಎಂದಳು ಅವಳು, ಕಣ್ಣೊರೆಸಿಕೊಂಡು. "ಮೊದಲು ನೀನೇ ಹಾಕಿಸಿಕೋ."