ಪಡಸಾಲೆಯ ಸಮುದ್ರ

ಎದುರಿನವರ ಮಾತು ಮುಗಿಯುವ ಮೊದಲೇ ‘ಗೊತ್ತು’ ಎನ್ನುವುದು ನನಗಂಟಿದ ಹಳೆಯ ರೋಗ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಇದು ವೃತ್ತಿಯಿಂದ ಬರುತ್ತದೆ ಎಂದು ನಾನು ವಾದಿಸುತ್ತೇನೆ. ತೊಟ್ಟಿಲಲ್ಲಿದ್ದಾಗಿನಿಂದಲೂ ಇತ್ತು ಎಂದು ಅವ್ವ ಹೇಳುತ್ತಾಳೆ. ಒಮ್ಮೆ ಕನಕಗಿರಿಗೆ ಹೊರಟವನು, ‘ಸರ್, ಈ ಬಸ್ಸು…’ ಎಂದು ಏನೋ ಹೇಳಬಂದ ಕಂಡಕ್ಟರನನ್ನು ಅಲ್ಲಿಗೇ ತಡೆದು, ಕಿಟಕಿಯ ಪಕ್ಕ ಕುಳಿತು ನಿದ್ದೆಹೋಗಿ, ಸಿದ್ದಾಪುರದಲ್ಲಿ ಇಳಿದಿದ್ದೆ. ಪರಿಚಯದವರೊಬ್ಬರು ಕಂಡು ಈ ಕಡೆ ಏನು ಬಂದದ್ದು ಎಂದು ಕೇಳಿದರು. ಭತ್ತ ನೋಡಲು ಬಂದೆ ಎಂದುಬಿಟ್ಟೆ. ಅವರು ಸಂತೋಷಪಟ್ಟು ಸುಡುಬಿಸಿಲಿನಲ್ಲಿ ತಮ್ಮ ಗದ್ದೆಗಳನ್ನೆಲ್ಲ ಬದುವಿನ ಮೇಲೆ ನಡೆಸಿ ತೋರಿಸಿದರು. ಆ ತಪ್ಪಿಗೆ ಸವೆದದ್ದು ನನ್ನ ಚಪ್ಪಲಿ ಮಾತ್ರ. ಈಗ ಹೇಳಹೊರಟಿರುವ ತಪ್ಪಿನಲ್ಲಿ ಮೂರು ಜೀವಗಳಿದ್ದವು.

ಗಂಗಾವತಿಯಲ್ಲಿ ಮೀನಿಗೆ ಬರವಿಲ್ಲ. ಕಾಲುವೆಯಲ್ಲಿ ಮೀನು, ಕೆರೆಯಲ್ಲಿ ಮೀನು, ಮಾರುಕಟ್ಟೆಯಲ್ಲಂತೂ ರಾಶಿ ಮೀನು. ಇಲ್ಲದಿರುವುದು ಸಮುದ್ರ ಒಂದೇ. ಈ ಕೊರತೆ ಊರಿನಲ್ಲಿ ಯಾರನ್ನೂ ಕಾಡಿರಲಿಲ್ಲ, ನನ್ನನ್ನು ಕಾಡಿತು. ಹುಬ್ಬಳ್ಳಿಗೆ ಹೋಗಿ ಒಂದು ಗಾಜಿನ ತೊಟ್ಟಿ, ಸಮುದ್ರದ ಉಪ್ಪಿನ ಚೀಲ, ನೀರಿನಲ್ಲಿ ಉಪ್ಪೆಷ್ಟಿದೆ ಎಂದು ತೋರಿಸುವ ಮುಳ್ಳಿನ ಡಬ್ಬಿ, ಕಿತ್ತಳೆ ಬಣ್ಣದ ಎರಡು ಮೀನು ಮತ್ತು ನೀಲಿ ಬಣ್ಣದ ಒಂದು ಮೀನು ತಂದೆ. ಅಂಗಡಿಯವನು, ‘ದಿನಾ ನೀರು ಇಳಿತೈತ್ರಿ ಸರ್, ಇಳಿದಾಗ ನೀವು…’ ಎಂದು ಶುರುಮಾಡಿದ್ದ. ನಾನು ವಿಜ್ಞಾನದ ಮಾಸ್ತರ ಎಂದು ತಿಳಿಸಿದೆ. ಪಾಪ, ಅವನು ಅಲ್ಲಿಗೇ ನಿಲ್ಲಿಸಿದ. ಇದರಲ್ಲಿ ಕೇಳುವುದೇನಿದೆ? ಹಾಲಿನ ಪಾತ್ರೆಯಲ್ಲಿ ಹಾಲು ಕಡಿಮೆಯಾದರೆ ಹಾಲನ್ನೇ ಹಾಕಬೇಕು. ಸಮುದ್ರದ ನೀರು ಕಡಿಮೆಯಾದರೆ ಸಮುದ್ರದ ನೀರನ್ನೇ ಹಾಕಬೇಕು. ಕ್ಯಾನಿನ ನೀರಿಗೆ ಉಪ್ಪು ಬೆರೆಸಿ ಒಂದು ಬಕೆಟ್ ಸಮುದ್ರವನ್ನು ಸದಾ ಸಿದ್ಧವಾಗಿಟ್ಟುಕೊಂಡೆ.

ವಿಚಿತ್ರವೆಂದರೆ ಆ ಬಕೆಟ್ಟಿಗೆ ಕೆಲಸವೇ ಬೀಳಲಿಲ್ಲ. ಗಾಜಿನ ಮೇಲೆ ಪೆನ್ನಿನಿಂದ ಎಳೆದಿದ್ದ ಗೆರೆಯಿಂದ ನೀರು ಕೆಳಗಿಳಿಯಲೇ ಇಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಒಗೆದ ಬಟ್ಟೆ ಹಗ್ಗಕ್ಕೆ ಹಾಕುವುದರೊಳಗೆ ಅರ್ಧ ಒಣಗಿರುತ್ತದೆ. ಅಂಥದ್ದರಲ್ಲಿ ನನ್ನ ತೊಟ್ಟಿ ಮಾತ್ರ ತುಂಬಿಕೊಂಡೇ ಇತ್ತು. ತೊಟ್ಟಿಯನ್ನು ಬಿಸಿಲು ಬೀಳದ ಮೂಲೆಯಲ್ಲಿಟ್ಟದ್ದು, ಮೇಲೆ ಮುಚ್ಚಳವನ್ನು ಇಂತಿಷ್ಟೇ ಸಂದು ಬಿಟ್ಟು ಕೂರಿಸಿದ್ದು, ಎಲ್ಲವೂ ನನ್ನ ಲೆಕ್ಕಾಚಾರದ ಫಲ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಆರುವವರೆಗೂ ವಿವರಿಸಿದೆ. ಸಮಾಜ ವಿಜ್ಞಾನದ ಮೇಡಂ ಒಬ್ಬರು ತಮ್ಮ ಮನೆಯ ನೀರಿನ ಟ್ಯಾಂಕಿಗೂ ಇಂಥದ್ದೇನಾದರೂ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದಿದ್ದೆ.

ಒಂದು ದಿನ ಜ್ವರವೆಂದು ರಜೆ ಹಾಕಿ ಪಡಸಾಲೆಯಲ್ಲಿ ಮಲಗಿದ್ದೆ. ಅವ್ವ ಸ್ನಾನ ಮುಗಿಸಿ ತುಳಸಿಗೆ ನೀರೆರೆದಳು. ಮಾಳಿಗೆಯ ಮೇಲೆ ಗುಬ್ಬಿಗಳಿಗಿಟ್ಟ ಬಟ್ಟಲು ತುಂಬಿಸಿ ಬಂದಳು. ಆಮೇಲೆ ಕುಡಿಯುವ ನೀರಿನ ಕ್ಯಾನಿನಿಂದ ತಂಬಿಗೆ ತುಂಬಿಕೊಂಡು, ನನ್ನ ಲೆಕ್ಕಾಚಾರದ ಮುಚ್ಚಳ ಎತ್ತಿ, ಗೆರೆ ನೋಡಿಕೊಂಡು ಸೊಂಯ್ ಎಂದು ಹೊಯ್ದಳು. ಜ್ವರವನ್ನೂ ಮರೆತು ಎದ್ದು ಕುಳಿತೆ. ಎಷ್ಟು ದಿನದಿಂದ ನಡೆದಿದೆ ಇದು ಎಂದು ಕೇಳಿದರೆ, ಅವು ಬಂದಾಗಿನಿಂದ ಎಂದಳು.

‘ಯವ್ವಾ, ಅವು ಸಮುದ್ರದ ಮೀನು. ಅದೂ ನೀರಾಗs ಅದಾವ. ನೀರಾಗಿದ್ದವಕ್ಕ ಯಾರರ ನೀರು ಹಾಕ್ತಾರೇನು?’

‘ಗಿಡಕ್ಕ ಹಾಕ್ತೀನಿ, ಗುಬ್ಬಿಗೆ ಇಡ್ತೀನಿ. ಮನ್ಯಾಗಿದ್ದವಕ್ಕ ಹಾಕದs ಹ್ಯಾಂಗ ಇರ್ಲಿ ತಮ್ಮಾ,’ ಎಂದಳು ಅವ್ವ.

ನಾನು ಸಿಹಿನೀರು ಸಮುದ್ರದ ಜೀವಿಗಳಿಗೆ ವಿಷವಿದ್ದಂತೆ ಎಂದು ದೊಡ್ಡ ಭಾಷಣ ಬಿಗಿದೆ. ಲ್ಯಾಬಿನಲ್ಲಿ ಅಂಟಿಸುವಂತೆ ‘ಮುಟ್ಟಬಾರದು’ ಎಂದು ಬರೆದು ತೊಟ್ಟಿಗೆ ಅಂಟಿಸಿದೆ. ಮರುದಿನದಿಂದ ಅವ್ವ ತಂಬಿಗೆ ಹಿಡಿದು ತೊಟ್ಟಿಯವರೆಗೆ ಬಂದು, ಚೀಟಿ ನೋಡಿ, ಆ ನೀರನ್ನು ಮಲ್ಲಿಗೆ ಬಳ್ಳಿಗೆ ಹಾಕತೊಡಗಿದಳು. ಅದನ್ನು ನೋಡಿಯೂ ನೋಡದವನಂತೆ ನಾನು ಪೇಪರ್ ಓದುತ್ತಿದ್ದೆ.

ಈಗ ನೀರು ಇಳಿಯತೊಡಗಿತು. ದಿನಕ್ಕೊಂದು ತಂಬಿಗೆಯಷ್ಟು. ಕೊನೆಗೂ ನನ್ನ ಬಕೆಟ್ಟಿಗೆ ಕೆಲಸ ಸಿಕ್ಕಿತು. ಇಳಿದಷ್ಟು ಉಪ್ಪುನೀರನ್ನು ದಿನವೂ ಶಿಸ್ತಾಗಿ ತುಂಬಿಸಿದೆ. ಎರಡು ವಾರದಲ್ಲಿ ನೀಲಿ ಮೀನು ಕಲ್ಲಿನ ಹಿಂದೆ ಸೇರಿಕೊಂಡಿತು. ಕಿತ್ತಳೆ ಮೀನುಗಳು ಮೇವು ಹಾಕಿದರೂ ಬಾಯಿ ಹಾಕದೆ ಏದುಸಿರು ಬಿಡುತ್ತ ನಿಂತವು. ಡಬ್ಬಿಯ ಮುಳ್ಳು ಮೇಲೇರಿತ್ತು. ಮುಳ್ಳು ಕೆಟ್ಟಿದೆ ಎಂದೆ. ಆಮೇಲೆ ಉಪ್ಪು ಕಲಬೆರಕೆ ಎಂದೆ, ಆಮೇಲೆ ತಪ್ಪನ್ನು ಕರೆಂಟಿನ ಮೇಲೆ ಹಾಕಿದೆ. ‘ಅವಕ್ಕೇನರ ಆದ್ರ ಅತ್ತಿಯವರಿಗೆ ನೀವs ಹೇಳ್ರಿ, ನಾನಂತೂ ಹೇಳೂದಿಲ್ಲ,’ ಎಂದು ಹೆಂಡತಿ ಸುಮಂಗಲಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಅವ್ವ ಮಾತ್ರ ದಿನವೂ ಸಂಜೆ ನಾನು ಸೈಕಲ್ ಮೋಟಾರು ನಿಲ್ಲಿಸುವಾಗ, ಅವು ಉಂಡವೇ ಎಂದು ಕೇಳುತ್ತಿದ್ದಳು. ಉಂಡವು ಎಂದು ಸುಳ್ಳು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಬಾಯಿಲ್ಲದ ಜೀವಗಳನ್ನು ಸಮುದ್ರವಿಲ್ಲದ ಊರಿಗೆ ತಂದು ಕೊಲ್ಲುತ್ತಿದ್ದೇನೆ ಎನಿಸಿ ಊಟ ಸೇರುತ್ತಿರಲಿಲ್ಲ.

ಅದೇ ವಾರ ಎಂಟನೆಯ ತರಗತಿಗೆ ಉಪ್ಪು ತಯಾರಿಸುವ ಪಾಠ ಬಂತು. ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸುತ್ತಾರೆ, ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಅಡಿಗೆರೆ ಹಾಕಿಕೊಳ್ಳಿ ಎಂದೆ. ಎಷ್ಟೋ ವರ್ಷಗಳಿಂದ ಈ ವಾಕ್ಯಕ್ಕೆ ನಾನು ಅಡಿಗೆರೆ ಹಾಕಿಸಿದ್ದೇನೆ. ಅವತ್ತು ಮೊದಲ ಬಾರಿಗೆ ಅದು ನನ್ನ ಕಿವಿಗೂ ಬಿತ್ತು. ಹೋಗುವುದು ನೀರು ಮಾತ್ರ. ಉಳಿದ ಉಪ್ಪಿನ ಮೇಲೆ ನಾನು ದಿನವೂ ಮತ್ತಷ್ಟು ಉಪ್ಪು ಸುರಿಯುತ್ತಿದ್ದೆ. ಬೋರ್ಡಿನ ಕಡೆ ಮುಖ ಮಾಡಿ ಹಾಗೆಯೇ ನಿಂತೆ. ಮಕ್ಕಳು ಅಷ್ಟರಲ್ಲಿ ಹಿಂದಿನ ಪುಟಕ್ಕೂ ಅಡಿಗೆರೆ ಹಾಕಿ ಮುಗಿಸಿದ್ದರು.

ಹುಬ್ಬಳ್ಳಿಗೆ ಫೋನ್ ಮಾಡಿ, ಅಂಗಡಿಯವನು ಹೇಳಿದ್ದನ್ನೆಲ್ಲ ಉಸಿರು ಬಿಗಿಹಿಡಿದು ಕೇಳಿದೆ. ತೊಟ್ಟಿಯಿಂದ ಸ್ವಲ್ಪ ಸ್ವಲ್ಪ ತೆಗೆದು, ಅಷ್ಟಷ್ಟೇ ಸಾದಾ ನೀರು ಹಾಕಿ, ಒಮ್ಮೆಲೇ ಅಲ್ಲ, ದಿನಗಟ್ಟಲೆ ತಾಳ್ಮೆಯಿಂದ ಮುಳ್ಳನ್ನು ಇಳಿಸಬೇಕಂತೆ. ಹಾಗೇ ಮಾಡಿದೆ. ನಾಲ್ಕನೆಯ ದಿನ ಕಿತ್ತಳೆ ಮೀನುಗಳು ಮೇವಿಗೆ ಬಾಯಿ ಹಾಕಿದವು. ಆರನೆಯ ದಿನ ನೀಲಿ ಮೀನೂ ಹೊರಬಂತು. ಚೀಟಿ ಕಿತ್ತು ಹಾಕಿದೆ.

ಇನ್ನು ಅವ್ವನ ಮುಂದೆ ಒಪ್ಪಿಕೊಳ್ಳುವುದೊಂದು ಉಳಿದಿತ್ತು. ಅವಳು ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು, ಮೊರದ ಅಕ್ಕಿಯಲ್ಲೇ ಬೆರಳಿಂದ ಗೀಚಿ, ಇದು ನೀರು, ಇದು ಉಪ್ಪು, ಇದು ಹೋಗುತ್ತದೆ, ಇದು ಉಳಿಯುತ್ತದೆ, ಉಪ್ಪು ಹೆಚ್ಚಾದಂತೆ ಮೀನಿನ ಮೈಯೊಳಗಿನ ನೀರನ್ನೂ ಅದು ಹೊರಗೆಳೆಯುತ್ತದೆ, ನೀನು ಹಾಕುತ್ತಿದ್ದ ತಂಬಿಗೆಯಿಂದಲೇ ಅವು ಬದುಕಿದ್ದವು, ತಪ್ಪು ನನ್ನದು ಎಂದು ಪಾಠವನ್ನೆಲ್ಲ ಒಪ್ಪಿಸಿದೆ. ಅವ್ವ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಈ ಗುಣ ನನಗೆ ಯಾಕೆ ಬರಲಿಲ್ಲವೋ. ಕೇಳಿ ಮುಗಿಸಿ, ಒಂದು ಹರಳು ಹೆಕ್ಕಿ ಆಚೆ ಹಾಕಿ ಹೇಳಿದಳು:

‘ಅಂದ್ರ ಅವಕ್ಕ ನೀರಡಿಕಿ ಆಗಿತ್ತು.’

ಅರ್ಧ ಗಂಟೆಯ ಪಾಠವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾವ ವಿದ್ಯಾರ್ಥಿಯೂ ಬರೆದುಕೊಟ್ಟಿರಲಿಲ್ಲ. ಪೂರ್ತಿ ಅಂಕ ಕೊಡಬೇಕಾದ ಉತ್ತರ. ಆದರೆ ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ ಗತ್ತು ಅಷ್ಟು ಬೇಗ ಎಲ್ಲಿ ಇಳಿಯುತ್ತದೆ? ಮೊರದ ಅಕ್ಕಿಯನ್ನು ಸರಿಮಾಡುತ್ತ, ‘ಹಂಗೂ ಅನ್ನಬಹುದು,’ ಎಂದೆ.