ಅವ್ವನ ಕಿವಿ, ನನ್ನ ಮೊಬೈಲು

ಮೊಬೈಲಿನಲ್ಲಿ ಓದಿದ್ದನ್ನೆಲ್ಲ ನಂಬುವ ಚಟ ನನಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಇದು ಶೋಭೆಯಲ್ಲ, ಒಪ್ಪಿದೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಈ ಚಟ ಬಯಲಾದದ್ದು ಅವ್ವನ ಕಿವಿಯ ದೆಸೆಯಿಂದ. ಜುಮಕಿಯ ಭಾರಕ್ಕೆ ಅವಳ ಬಲಗಿವಿಯ ಹಾಲೆ ಹರಿದು ಎರಡಾಗಿ ಹನ್ನೆರಡು ವರ್ಷವಾಗಿತ್ತು. ಅಂದಿನಿಂದ ಯಾರೆದುರೂ ಸೆರಗು ಸರಿಸಿದವಳಲ್ಲ. ಫೋಟೋ ಎಂದರೆ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಮುಂದಿನ ಬೇಸಿಗೆಗೆ ನನ್ನ ಮಗಳ ಲಗ್ನ ಗೊತ್ತಾದಾಗ, "ತಮ್ಮಾ, ಇದನ್ನ ಹೊಲಿತಾರಂತಲ್ಲೋ? ಒಮ್ಮೆ ಜುಮಕಿ ಹಾಕ್ಕೊಂಡು ಅಕಿ ಮಗ್ಗಲಕ ನಿಂದರಬೇಕು ಅನಸ್ತೈತಿ" ಎಂದಳು. ಅವ್ವ ತನಗಾಗಿ ಏನನ್ನೂ ಕೇಳಿದವಳಲ್ಲ.

ಕೂಡಲೇ ಮೊಬೈಲು ತೆಗೆದೆ. ಒಂದು ಜಾಲತಾಣ 'ನೋವಿಲ್ಲ, ಕಲೆಯಿಲ್ಲ, ಊಟದ ಬಿಡುವಿನಲ್ಲೇ ಮುಗಿಯುತ್ತದೆ' ಎಂದಿತು. ಇನ್ನೊಂದನ್ನು ಓದಿದರೆ ಕಿವಿಯಷ್ಟೇ ಅಲ್ಲ, ಅವ್ವನೇ ಉಳಿಯುವ ಹಾಗಿರಲಿಲ್ಲ. ಫೋಟೋಗಳಲ್ಲಿ 'ಮೊದಲು' ಹೆಂಗಸು ಅಳುಮುಖದಲ್ಲಿದ್ದಳು, 'ನಂತರ' ಲಿಪ್‌ಸ್ಟಿಕ್ ಹಚ್ಚಿದ್ದಳು. ಕಿವಿ ಎರಡರಲ್ಲೂ ನೆಟ್ಟಗೆ ಕಾಣಲಿಲ್ಲ. ಬರೆದವರ ಹೆಸರಿಲ್ಲ, 'ಈಗಲೇ ಕರೆ ಮಾಡಿ' ಮಾತ್ರ ದಪ್ಪಕ್ಷರದಲ್ಲಿತ್ತು. ಎಲ್ಲವನ್ನೂ ಓದಿ ಹೇಳಿದೆ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಜೋಡಿಸುವುದರಲ್ಲೇ ನಲವತ್ತು ವರ್ಷ ಸವೆಸಿದ ಅವ್ವ ಕೈ ನಿಲ್ಲಿಸದೆ ಕೇಳಿದಳು: "ಜೋಡಿಸಿದ್ದು ಗುರ್ತ ಹತ್ತೂದಿಲ್ಲ ಅಂತ ಬರದಾರ. ಜಗ್ಗಿದ್ರ ಬಿಚ್ಚತೈತೇನು ಅಂತ ಬರದಾರೇನು?" ಬರೆದಿರಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಕೂಡ ಫೋಟೋಗಳನ್ನೇ ಮುಂದಿಟ್ಟರು. "ಅವು ಇರ್ಲಿ ಬಿಡ್ರಿ ಡಾಕ್ಟರ್ರ. ಹೊಲದಿದ್ದು ಎಷ್ಟು ದಿನಕ್ಕ ಭಾರ ತಡೀತೈತಿ? ನೀವು ಮಾಡಿದ್ದು ಯಾವುದಾರ ಕೆಟ್ಟೈತೇನು?" ಎಂದಳು ಅವ್ವ. ನನಗೆ ಕುರ್ಚಿಯ ಕೆಳಗೆ ಹೊಕ್ಕುಬಿಡಬೇಕೆನಿಸಿತು. ಡಾಕ್ಟರು ನಕ್ಕು ಕುರ್ಚಿ ಹತ್ತಿರ ಎಳೆದುಕೊಂಡರು. "ಕೆಟ್ಟಾವ್ರಿ ಅವ್ವಾರ" ಎಂದು ಶುರು ಮಾಡಿ, ಸಣ್ಣ ಕಲೆ ಉಳಿಯುತ್ತದೆ, ಕೀವಾಗಬಹುದು, ಮೂರು ತಿಂಗಳು ಕಿವಿ ಚುಚ್ಚಿಸುವಂತಿಲ್ಲ, ಭಾರದ ಜುಮಕಿ ಹಾಕಿದರೆ ಮತ್ತೆ ಹರಿದೀತು ಎಂದು ಬಿಡಿಸಿ ಹೇಳಿದರು. "ಹಂಗಾರ ಹೊಲೀರಿ" ಎಂದಳು ಅವ್ವ.

ಲಗ್ನದ ದಿನ ಹಗುರ ಜುಮಕಿ ಹಾಕಿ, ಸೆರಗನ್ನು ಕಿವಿಯ ಹಿಂದೆ ಸರಿಸಿ, ಮೊಮ್ಮಗಳ ಮಗ್ಗುಲಲ್ಲೇ ನಿಂತಳು. ನನ್ನ ಕಣ್ಣು ತುಂಬಿ ಬಂತು. ಈಗ ಓಣಿಯ ಹೆಂಗಸರು ಹರಿದ ಕಿವಿ ತೋರಿಸಿಕೊಂಡು ನಮ್ಮ ಮನೆಗೆ ಬರುತ್ತಾರೆ. ನಾನು ಪಡಸಾಲೆಯಲ್ಲಿ ಮೊಬೈಲು ಹಿಡಿದು ಸಜ್ಜಾಗಿ ಕೂತಿದ್ದರೆ, ನನ್ನನ್ನು ದಾಟಿ ನೆಟ್ಟಗೆ ಅಡುಗೆಮನೆಗೆ ನಡೆಯುತ್ತಾರೆ. "ಕುಂದರ್ರಿ, ಮದ್ಲ ಏನೇನು ಕೆಡಬಹುದು ಅದನ್ನ ಹೇಳ್ತೇನಿ" ಎಂಬ ಅವ್ವನ ದನಿ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ನನಗೂ ಒಳಗಿನಿಂದ ಕರೆ ಬರುತ್ತದೆ: "ತಮ್ಮಾ, ಚಹಾಕ್ಕ ಹಾಲು ಸಾಲೂದಿಲ್ಲ, ತೊಗೊಂಡು ಬಾ."